ಎಲಾಸ್ಟಿಕ್ ದಾರದ ಮಣಿ ಬ್ರೇಸ್‌ಲೆಟ್: ಅಳತೆಯ ಲೆಕ್ಕ, ಗಂಟಿನ ಗುಟ್ಟು

ಮಣಿ ಪೋಣಿಸೋದು ಯಾರಿಗೂ ಕಷ್ಟವಲ್ಲ. ಆದರೆ ಬ್ರೇಸ್‌ಲೆಟ್ ಕೈಗೆ ಸರಿಯಾಗಿ ಕೂರಬೇಕು, ನಾಲ್ಕು ದಿನಕ್ಕೇ ಕಿತ್ತುಹೋಗಬಾರದು ಅಂದರೆ ಅಳತೆ ಮತ್ತು ಗಂಟು ಎರಡನ್ನೂ ಚೆನ್ನಾಗಿ ಕಲಿಯಬೇಕು.

ದಾರದ ವಿಷಯ ಬೇಗ ಮುಗಿಸೋಣ. 4 ಮಿ.ಮೀ. ಮಣಿಗೆ 0.5 ಮಿ.ಮೀ. ದಾರ, 6ರಿಂದ 8 ಮಿ.ಮೀ. ಮಣಿಗೆ 0.7 ಅಥವಾ 0.8 ಸಾಮಾನ್ಯವಾಗಿ ಹೊಂದುತ್ತದೆ. ತೂತಿನಲ್ಲಿ ಸಲೀಸಾಗಿ ಹೋಗುವಷ್ಟು ದಪ್ಪದ್ದನ್ನೇ ಆರಿಸಿ. ಗಾಜಿನಂತೆ ಹೊಳೆಯುವ ಒಂದೇ ಎಳೆಯ ದಾರ ನೋಡೋಕೆ ಚಂದ, ಆದರೆ ಗಂಟು ಜಾರುತ್ತದೆ. ಸಣ್ಣ ಸಣ್ಣ ಎಳೆಗಳು ಸೇರಿದ ದಾರದಲ್ಲಿ ಗಂಟು ಚೆನ್ನಾಗಿ ಕೂರುತ್ತದೆ. ಕಲಿಯುವವರಿಗೆ ಇದೇ ವಾಸಿ.

ಪೋಣಿಸುವ ಮೊದಲು ದಾರವನ್ನು ಎರಡೂ ಕೈಯಲ್ಲಿ ಹಿಡಿದು ನಾಲ್ಕೈದು ಸಲ ಮೆಲ್ಲಗೆ ಎಳೆದು ಬಿಡಿ. ಹೊಸ ದಾರ ಬಳಸುತ್ತಾ ಸ್ವಲ್ಪ ಸಡಿಲವಾಗುತ್ತದೆ. ಆ ಸಡಿಲ ಮೊದಲೇ ಬಂದುಬಿಟ್ಟರೆ ಆಮೇಲೆ ಮಣಿಗಳ ನಡುವೆ ದಾರ ಇಣುಕುವುದಿಲ್ಲ.

ಈಗ ಅಳತೆ. ಮಣಿಕಟ್ಟು 160 ಮಿ.ಮೀ., ಮಣಿ 8 ಮಿ.ಮೀ. ಅಂತಿಟ್ಟುಕೊಳ್ಳಿ. 160 ಭಾಗಿಸು 8, ಇಪ್ಪತ್ತು ಮಣಿ ಸಾಕು ಅಲ್ವಾ? ಸಾಲದು. ದಾರ ಹೋಗೋದು ಮಣಿಯ ನಡುವಿನಿಂದ. ಕೈಗೆ ತಾಗೋದು ಮಣಿಯ ಒಳಬದಿ. ಹಾಗಾಗಿ ಒಳಗಿನ ಸುತ್ತಳತೆ ದಾರದ ಸುತ್ತಳತೆಗಿಂತ ಕಡಿಮೆ. ಎಷ್ಟು ಕಡಿಮೆ? ಮಣಿಯ ದಪ್ಪವನ್ನು 3.14ರಿಂದ ಗುಣಿಸಿದಷ್ಟು. 8 ಮಿ.ಮೀ. ಮಣಿಗೆ ಸುಮಾರು 25. ಇಪ್ಪತ್ತೇ ಮಣಿ ಹಾಕಿದರೆ ಒಳಗೆ ಸಿಗೋದು ಬರೀ 135 ಮಿ.ಮೀ., ಕೈ ಬಿಗಿಯುತ್ತದೆ. 160ಕ್ಕೆ 25 ಕೂಡಿ, 185 ಆಯಿತು. 8ರಿಂದ ಭಾಗಿಸಿದರೆ 23 ಮಣಿ. ಅದೇ ಕೈಗೆ 4 ಮಿ.ಮೀ. ಮಣಿಯಾದರೆ ಕೂಡಬೇಕಾದ್ದು ಸುಮಾರು 12.5 ಮಾತ್ರ. ಆಗ 43 ಮಣಿ ಬೇಕು. ಸಡಿಲವಾಗಿ ಇಷ್ಟಪಡುವವರು ಒಂದೆರಡು ಮಣಿ ಜಾಸ್ತಿ ಸೇರಿಸಿಕೊಳ್ಳಿ.

ದಾರ ಕತ್ತರಿಸುವಾಗ ಜಿಪುಣತನ ಬೇಡ. ಗಂಟು ಹಾಕೋಕೆ ಎರಡೂ ಕಡೆ ಒಂದೊಂದು ಗೇಣಿನಷ್ಟು ಉಳಿಯಲಿ. ಒಂದು ತುದಿಗೆ ಟೇಪ್ ಅಂಟಿಸಿ, ಮಣಿ ಜಾರಿ ಬೀಳುವುದಿಲ್ಲ. ತೂತು ದೊಡ್ಡದಿರುವ ಮಣಿಯನ್ನು ಕೊನೆಯಲ್ಲಿ ಪೋಣಿಸಿ, ಅದರ ಪಕ್ಕದಲ್ಲೇ ಗಂಟು ಹಾಕಬೇಕು.

ಇಲ್ಲಿ ಸರ್ಜನ್ ಗಂಟು ಬೇಕು. ಸಾಮಾನ್ಯ ಗಂಟಿನಂತೆಯೇ ಶುರು ಮಾಡಿ, ಆದರೆ ತುದಿಯನ್ನು ಕುಣಿಕೆಯೊಳಗೆ ಒಂದರ ಬದಲು ಎರಡು ಸಲ ಸುತ್ತಿ ತೆಗೆಯಿರಿ. ಆ ಎರಡನೇ ಸುತ್ತು ದಾರವನ್ನು ಹಿಡಿದುಕೊಳ್ಳುತ್ತದೆ, ಕೈ ಬಿಟ್ಟರೂ ತಕ್ಷಣ ಬಿಚ್ಚುವುದಿಲ್ಲ. ಮಣಿಗಳು ಒಂದಕ್ಕೊಂದು ತಾಗುವ ತನಕ ಎಳೆದು ಬಿಗಿ ಮಾಡಿ. ಇದರ ಮೇಲೆ ಎದುರು ದಿಕ್ಕಿನಲ್ಲಿ ಇನ್ನೊಂದು ಗಂಟು. ಆಮೇಲೆ ಎರಡು ತುದಿಗಳನ್ನಷ್ಟೇ ಅಲ್ಲ, ಗಂಟಿನ ಎರಡೂ ಪಕ್ಕದ ದಾರವನ್ನೂ ಎಳೆದು ನೋಡಿ. ಜಾರುವ ಗಂಟು ಅಲ್ಲೇ ಸಿಕ್ಕಿಬೀಳುತ್ತದೆ.

ಅಂಟು ಹಾಕುವುದಾದರೆ ಸೂಜಿಮೊನೆಯಷ್ಟು ಸಾಕು. ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ. ಅದು ತಾಗಿದ ಕಡೆ ದಾರ ಬಿರುಸಾಗಿ, ಎಳೆದಾಗ ಅಲ್ಲಿಯೇ ತುಂಡಾಗುತ್ತದೆ. ಒಣಗಿದ ಮೇಲೂ ಬಳುಕುವ ಆಭರಣದ ಅಂಟು ಬಳಸಿ. ಪೂರ್ತಿ ಒಣಗಿದ ಮೇಲೆ ಒಂದೆರಡು ಮಿ.ಮೀ. ಬಿಟ್ಟು ತುದಿ ಕತ್ತರಿಸಿ, ಗಂಟನ್ನು ದೊಡ್ಡ ತೂತಿನ ಮಣಿಯೊಳಗೆ ಎಳೆದುಬಿಡಿ.

ಕಲ್ಲು, ಲೋಹದ ಮಣಿಗಳ ತೂತಿನ ಅಂಚು ಕೆಲವೊಮ್ಮೆ ಚೂಪಾಗಿರುತ್ತದೆ. ಅಂಥವನ್ನು ಆರಿಸಿ ಪಕ್ಕಕ್ಕಿಡಿ. ಹಾಕಿಕೊಳ್ಳುವಾಗ ಬ್ರೇಸ್‌ಲೆಟ್ಟನ್ನು ಅಗಲಿಸಿ ಎಳೆಯುವ ಬದಲು ಬೆರಳುಗಳ ಮೇಲಿಂದ ಉರುಳಿಸಿ. ಏನೇ ಜೋಪಾನ ಮಾಡಿದರೂ ಎಲಾಸ್ಟಿಕ್ ಒಂದು ದಿನ ಸೋಲುತ್ತದೆ. ಮಣಿಗಳ ನಡುವೆ ದಾರ ಕಾಣತೊಡಗಿದರೆ ಕಿತ್ತುಹೋಗುವ ತನಕ ಕಾಯಬೇಡಿ, ಹೊಸ ದಾರಕ್ಕೆ ಪೋಣಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯಲೇಬಾರದು, ಉದುರಿದ ಮಣಿ ನೇರ ಬಾಯಿಗೆ ಹೋಗುತ್ತದೆ.