ಅಮೆರಿಕದ ವ್ಯಾಪಾರಿ ನಾವಿಕರ ಅರ್ಹತಾ ಕಾನೂನು: ಓದುವಾಗ ಎಡವುವ ಜಾಗಗಳು

ಈ ವಿಷಯ ಓದಲು ಕೂತವರಿಗೆ ಮೊದಲ ತೊಡಕು ಹೆಸರುಗಳದ್ದೇ. ಅಮೆರಿಕದ ಕಾನೂನು ಸಂಹಿತೆಯ 46ನೇ ಶೀರ್ಷಿಕೆ ತೆರೆದರೆ ಲೈಸೆನ್ಸ್, ಸರ್ಟಿಫಿಕೇಟ್ ಆಫ್ ರಿಜಿಸ್ಟ್ರಿ, ಮರ್ಚೆಂಟ್ ಮ್ಯಾರಿನರ್ಸ್ ಡಾಕ್ಯುಮೆಂಟ್ ಎಂದು ಮೂರು ಕಾಗದಗಳ ಹೆಸರು ಸಿಗುತ್ತದೆ. ಆದರೆ ನಾವಿಕನ ಕೈಯಲ್ಲಿರುವುದು ಒಂದೇ, ಮರ್ಚೆಂಟ್ ಮ್ಯಾರಿನರ್ ಕ್ರೆಡೆನ್ಷಿಯಲ್. ಎರಡೂ ಸರಿಯೇ. 2009ರ ಏಪ್ರಿಲ್ 15ರಿಂದ ಅಮೆರಿಕದ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್ ಈ ಕಾಗದಗಳನ್ನು ಒಂದೇ ದಾಖಲೆಯಾಗಿ ಕೊಡುತ್ತಿದೆ. ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಬರೆದ ಕಲಮುಗಳಲ್ಲಿ ಮಾತ್ರ ಹಳೆಯ ಹೆಸರುಗಳು ಹಾಗೇ ಉಳಿದವು. ಆದ್ದರಿಂದ ಹೀಗೆ ಓದಿಕೊಳ್ಳಿ: ಲೈಸೆನ್ಸ್ ಎಂದಲ್ಲಿ ಮಾಸ್ಟರ್ (ಕ್ಯಾಪ್ಟನ್), ಮೇಟ್ (ಅವನ ಕೈಕೆಳಗಿನ ಡೆಕ್ ಅಧಿಕಾರಿ), ಪೈಲಟ್ (ಹಡಗಿಗೆ ದಾರಿ ತೋರುವವನು), ಇಂಜಿನಿಯರ್; ರಿಜಿಸ್ಟ್ರಿ ಎಂದಲ್ಲಿ ಪರ್ಸರ್ (ಹಡಗಿನ ಲೆಕ್ಕಪತ್ರ ನೋಡುವವನು), ವೈದ್ಯ, ನರ್ಸ್; ಡಾಕ್ಯುಮೆಂಟ್ ಎಂದಲ್ಲಿ ಗುರುತು ಮತ್ತು ದರ್ಜೆ ಎರಡನ್ನೂ ಹೇಳುವ ಕಾಗದ. ಡೆಕ್ಕು, ಇಂಜಿನ್, ಅಡುಗೆಮನೆಯ ಕೆಲಸಗಾರರಿಗೆ ಸಂಬಂಧಿಸಿದ್ದು ಈ ಕೊನೆಯದು.

ಹಾಗಾದರೆ ಡಾಕ್ಯುಮೆಂಟ್ ಯಾರಿಗೆ ಬೇಕು? 8701ನೇ ಕಲಂ ನೋಡಿ. 100 ಗ್ರಾಸ್ ಟನ್ (ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಪಾರಿ ಹಡಗಿನಲ್ಲಿ ದುಡಿಯುವವರಿಗೆ ಬೇಕು. ಆದರೆ ನದಿಗಳಲ್ಲಿ, ಸರೋವರಗಳಲ್ಲಿ ಮಾತ್ರ ಓಡಾಡುವ ಹಡಗಿಗೆ ಈ ಕಲಂ ಅನ್ವಯಿಸುವುದಿಲ್ಲ. ಅಮೆರಿಕ-ಕೆನಡಾ ಗಡಿಯ ಮಹಾಸರೋವರಗಳಾದ ಗ್ರೇಟ್ ಲೇಕ್ಸ್‌ಗೆ ಮತ್ತೆ ಅನ್ವಯಿಸುತ್ತದೆ. ವಿನಾಯಿತಿಯೊಳಗೊಂದು ವಿನಾಯಿತಿ. ಒಬ್ಬನೇ ಡೆಕ್ ಕೆಲಸಗಾರ, ಅದೇ 300 ಟನ್ನಿನ ಹಡಗು ಎಂದಿಟ್ಟುಕೊಳ್ಳಿ. ಮಿಸಿಸಿಪ್ಪಿ ನದಿಯಲ್ಲಷ್ಟೇ ಓಡಾಡುವಾಗ ಈ ಕಲಮಿನಡಿ ಅವನಿಗೆ ಕಾಗದ ಬೇಡ, ಗ್ರೇಟ್ ಲೇಕ್ಸ್‌ಗೆ ಸೇರಿದ ಮಿಷಿಗನ್ ಸರೋವರದಲ್ಲಿ ಬೇಕು, ಸಮುದ್ರಕ್ಕಿಳಿದರೂ ಬೇಕು. ಪರೀಕ್ಷೆಯಲ್ಲಿ ಹಡಗಿನ ಟನ್ನೇಜ್ ಕೊಟ್ಟು ನೀರಿನ ಹೆಸರು ಕೊಟ್ಟಿದ್ದರೆ ಸುಮ್ಮನೆ ಕೊಟ್ಟಿರುವುದಿಲ್ಲ.

ಇನ್ನು ಇತಿಹಾಸ. ಇದನ್ನು ಬಿಟ್ಟು ಕಲಮುಗಳನ್ನಷ್ಟೇ ಬಾಯಿಪಾಠ ಮಾಡಿದರೆ ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಇಲ್ಲಿನ ಬಹುತೇಕ ನಿಯಮಗಳ ಹಿಂದೆ ಒಂದು ಹಡಗು ಇದೆ. 1852ರಲ್ಲಿ ಉಗಿಹಡಗುಗಳ ಪೈಲಟ್‌ಗಳಿಗೂ ಇಂಜಿನಿಯರುಗಳಿಗೂ ಲೈಸೆನ್ಸ್ ಬಂತು. 1865ರ ಏಪ್ರಿಲ್ 27ರಂದು ಮೆಂಫಿಸ್ ಬಳಿ ಸುಲ್ತಾನಾ ಹಡಗಿನ ಬಾಯ್ಲರುಗಳು ಸಿಡಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಅಂತರ್ಯುದ್ಧ ಮುಗಿದು ಮನೆಗೆ ಹೊರಟಿದ್ದ ಸೈನಿಕರು. 1871ರ ಕಾಯ್ದೆ ಮಾಸ್ಟರ್ ಮತ್ತು ಚೀಫ್ ಮೇಟ್‌ಗಳನ್ನೂ ಲೈಸೆನ್ಸಿನ ವ್ಯಾಪ್ತಿಗೆ ತಂದಿತು.

ಅಲ್ಲಿಯವರೆಗೆ ಕಾನೂನು ಕೇಳಿದ್ದೆಲ್ಲ ಅಧಿಕಾರಿಗಳ ಅರ್ಹತೆಯನ್ನು. ಹಗ್ಗ ಎಳೆಯುವವನ, ಜೀವರಕ್ಷಕ ದೋಣಿ ಇಳಿಸುವವನ ಅರ್ಹತೆ ಪ್ರಶ್ನೆಯಾದದ್ದು ಟೈಟಾನಿಕ್ ಮುಳುಗಿದ ಮೇಲೆ, 1915ರ ಸೀಮೆನ್ಸ್ ಆಕ್ಟ್‌ನಲ್ಲಿ. ಸೆನೆಟರ್ ಲಾ ಫೊಲೆಟ್ ಮಂಡಿಸಿ, ನಾವಿಕರ ಸಂಘದ ಆಂಡ್ರ್ಯೂ ಫ್ಯೂರುಸೆತ್ ವರ್ಷಗಟ್ಟಲೆ ಬೆನ್ನು ಹತ್ತಿ ತಂದ ಕಾಯ್ದೆ ಅದು. ಏಬಲ್ ಸೀಮನ್, ಅಂದರೆ ಪಳಗಿದ ಡೆಕ್ ನಾವಿಕ, ಅನ್ನಿಸಿಕೊಳ್ಳಲು 19 ವರ್ಷ ವಯಸ್ಸು, ಡೆಕ್ಕಿನ ಮೇಲೆ 3 ವರ್ಷದ ಸೇವೆ ಬೇಕೆಂದಿತು. ಡೆಕ್ ಸಿಬ್ಬಂದಿಯಲ್ಲಿ ಏಬಲ್ ಸೀಮನ್‌ಗಳ ಪಾಲು ಮೊದಲ ವರ್ಷ ಶೇ. 40 ಇದ್ದು, ಏರುತ್ತಾ ಶೇ. 65ಕ್ಕೆ ತಲುಪಬೇಕೆಂದೂ ಹೇಳಿತು. ಪ್ರತಿ ವಿಭಾಗದಲ್ಲಿ ಶೇ. 75 ಮಂದಿಗೆ ಅಧಿಕಾರಿಗಳ ಆಜ್ಞೆ ಅರ್ಥವಾಗಬೇಕೆಂಬ ಷರತ್ತೂ ಅದರಲ್ಲೇ ಇತ್ತು. 65 ಮತ್ತು 75 ಎಂಬ ಈ ಎರಡು ಅಂಕಿಗಳು 8702ನೇ ಕಲಮಿನಲ್ಲಿ ಉಳಿದಿವೆ. ಯಾವುದು ಕೌಶಲಕ್ಕೆ, ಯಾವುದು ಭಾಷೆಗೆ ಎಂದು ಅದಲುಬದಲು ಮಾಡಿಕೊಳ್ಳಬೇಡಿ. ಒಂದು ಮಾತು ಬಿಡಬಾರದು. ಭಾಷೆಯ ಷರತ್ತು ಸುರಕ್ಷತೆಗೆ ನಿಜಕ್ಕೂ ಬೇಕಾದದ್ದೇ, ಆದರೆ ಅದೇ ಷರತ್ತು ಚೀನೀ ನಾವಿಕರನ್ನು ಕೆಲಸದಿಂದ ದೂರವಿಡುವ ಅಸ್ತ್ರವೂ ಆಗಿತ್ತು. ಫ್ಯೂರುಸೆತ್‌ಗೂ ಅದೇ ಬೇಕಿತ್ತು.

ನನ್ನ ಮಟ್ಟಿಗೆ ಈ ಪಾಠದ ಹೃದಯ ಇರುವುದು 1936ರ ಕಾಯ್ದೆಯಲ್ಲಿ. 1934ರ ಸೆಪ್ಟೆಂಬರ್ 8ರಂದು ಹವಾನಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಮಾರೋ ಕ್ಯಾಸಲ್ ಹಡಗಿಗೆ ನ್ಯೂಜೆರ್ಸಿ ತೀರದ ಬಳಿ ಬೆಂಕಿ ಬಿತ್ತು. ಸತ್ತವರು 137 ಮಂದಿ. ಮೊದಮೊದಲು ಹೊರಟ ದೋಣಿಗಳಲ್ಲಿ ಕೂತಿದ್ದವರಲ್ಲಿ ಹಡಗಿನ ಸಿಬ್ಬಂದಿಯೇ ಹೆಚ್ಚು. ಜನರ ಸಿಟ್ಟು ನೆತ್ತಿಗೇರಿತು. ಪ್ರತಿ ನಾವಿಕನಿಗೂ ಅರ್ಹತೆಯ ಪ್ರಮಾಣಪತ್ರ ಬೇಕೆಂಬ ಕಾಯ್ದೆ ಬಂತು. ಅದರ ಜೊತೆಗೇ ಬಂದದ್ದು ಕಂಟಿನ್ಯುಯಸ್ ಡಿಸ್ಚಾರ್ಜ್ ಬುಕ್, ಅಂದರೆ ಯಾವ ಹಡಗಿನಲ್ಲಿ ಯಾವಾಗ ಸೇರಿದೆ, ಯಾವಾಗ ಇಳಿದೆ ಎಂದು ಒಂದರ ಕೆಳಗೊಂದು ಬರೆದಿಡುವ ಪುಸ್ತಕ. ದಡದಲ್ಲಿ ಕೂತವರಿಗೆ ಇದು ಬರಿಯ ಸೇವಾ ದಾಖಲೆಯಂತೆ ಕಾಣುತ್ತದೆ. ಮುಷ್ಕರ ಮಾಡಿದ ನಾವಿಕನಿಗೆ ಹಾಗಲ್ಲ. ಪುಟ ತಿರುವಿದರೆ ಸಾಕು, ಮುಷ್ಕರದ ತಿಂಗಳುಗಳಲ್ಲಿ ಅವನು ಹಡಗಿನಲ್ಲಿದ್ದನೋ ಇಲ್ಲವೋ ಎಂಬುದು ಮಾಲೀಕನಿಗೆ ಗೊತ್ತಾಗುತ್ತದೆ. ನಾವಿಕರು ಅದಕ್ಕೆ ‘ಫಿಂಕ್ ಬುಕ್’ ಎಂದು ಹೆಸರಿಟ್ಟರು. ಫಿಂಕ್ ಎಂದರೆ ಜೊತೆಗಾರರಿಗೆ ದ್ರೋಹ ಬಗೆದವನು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ 1937ರಲ್ಲೇ ಕಾಂಗ್ರೆಸ್ ತಿದ್ದುಪಡಿ ತಂದು, ಪುಸ್ತಕ ಬೇಡವೆನ್ನುವವರು ಗುರುತಿನ ಪ್ರಮಾಣಪತ್ರ ಇಟ್ಟುಕೊಂಡರೆ ಸಾಕೆಂದಿತು.

10311ನೇ ಕಲಮಿನಲ್ಲಿ ಇಂದಿಗೂ ಒಂದು ಪುಟ್ಟ ವಾಕ್ಯವಿದೆ: ಹಡಗಿನ ಕೆಲಸ ಮುಗಿಸಿ ಇಳಿಯುವಾಗ ಕೊಡುವ ಡಿಸ್ಚಾರ್ಜ್ ಪ್ರಮಾಣಪತ್ರದಲ್ಲಿ ನಾವಿಕನ ನಡತೆಯ ಬಗ್ಗೆಯಾಗಲಿ ಸಾಮರ್ಥ್ಯದ ಬಗ್ಗೆಯಾಗಲಿ ಏನನ್ನೂ ಬರೆಯುವಂತಿಲ್ಲ. ಫಿಂಕ್ ಬುಕ್ಕಿನ ಕಥೆ ಗೊತ್ತಿಲ್ಲದೆ ಓದಿದರೆ ಇದು ವಿಚಿತ್ರವೆನಿಸುತ್ತದೆ. ಅರ್ಹತೆಗೆ ಇಷ್ಟೊಂದು ಕಾಗದ ಕೇಳುವ ಕಾನೂನು ಹೀಗೇಕೆ ಹೇಳುತ್ತದೆ? ಅರ್ಹತೆ ಅಳೆಯುವುದು ಸರ್ಕಾರದ ಕೆಲಸ, ಕ್ಯಾಪ್ಟನ್ನನ ಪೆನ್ನಿನದ್ದಲ್ಲ ಎಂಬ ನಿಲುವು ಇದರೊಳಗಿದೆ. ನನಗೆ ಇದು ಇಡೀ ಶೀರ್ಷಿಕೆಯಲ್ಲೇ ಅತ್ಯಂತ ಮಾನವೀಯ ವಾಕ್ಯ.

ಹಾಗೆಂದು ನಡತೆಯನ್ನು ಯಾರೂ ನೋಡುವುದೇ ಇಲ್ಲವೆಂದಲ್ಲ. 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರ ಸೇರಿತು. ಕುಡಿದು ಕಾರು ಓಡಿಸಿದ್ದಕ್ಕೆ ಅದರ ಕ್ಯಾಪ್ಟನ್ನನ ಕಾರಿನ ಲೈಸೆನ್ಸ್ ಆಗ ಅಮಾನತಿನಲ್ಲಿತ್ತು. ಹಡಗಿನ ಲೈಸೆನ್ಸ್ ಮಾತ್ರ ಊರ್ಜಿತವಾಗಿತ್ತು. ಅಮಲಿನಲ್ಲಿ ಹಡಗು ನಡೆಸಿದ ಆರೋಪದಿಂದ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು ಎಂಬುದನ್ನೂ ಬರೆದಿಟ್ಟುಕೊಳ್ಳಿ. 1990ರ ಆಯಿಲ್ ಪೊಲ್ಯೂಷನ್ ಆಕ್ಟ್ ಆ ಕಂದಕ ಮುಚ್ಚಿತು. ಅರ್ಜಿದಾರನ ವಾಹನ ಚಾಲನೆಯ ದಾಖಲೆ ಮತ್ತು ಅಪರಾಧ ಹಿನ್ನೆಲೆಯ ತಪಾಸಣೆ ಬಂತು. ಅಲ್ಲಿಯವರೆಗೆ ಅವಧಿಯೇ ಇಲ್ಲದಿದ್ದ ಡಾಕ್ಯುಮೆಂಟ್‌ಗೆ 5 ವರ್ಷದ ಮಿತಿ ಬಂತು. 2002ರ ಸಾಗರ ಭದ್ರತಾ ಕಾಯ್ದೆಯಿಂದ ಬಂದ ಟ್ವಿಕ್ (TWIC) ಎಂಬ ಗುರುತಿನ ಕಾರ್ಡ್ ಬೇರೆ ವಿಷಯ. ಅದು ಬಂದರು, ಹಡಗುಗಳ ಭದ್ರತೆಗೆ, ಕೆಲಸದ ಅರ್ಹತೆಗಲ್ಲ.

ನಾವಿಕರ ತರಬೇತಿ, ಪ್ರಮಾಣೀಕರಣ ಮತ್ತು ಪಹರೆ ಕರ್ತವ್ಯದ ಮಟ್ಟ ನಿಗದಿಮಾಡುವ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು (STCW) ಒಪ್ಪಂದ 1978ರದ್ದು, ಅಮೆರಿಕ ಅದಕ್ಕೆ ಸೇರಿದ್ದು 1991ರಲ್ಲಿ. ಹಾಗಾಗಿ ಕ್ರೆಡೆನ್ಷಿಯಲ್‌ನಲ್ಲಿ ದೇಶೀಯ ಅನುಮೋದನೆ, ಎಸ್‌ಟಿಸಿಡಬ್ಲ್ಯು ಅನುಮೋದನೆ ಎಂದು ಎರಡು ಬಗೆ. ಇದರ ವಿವರವೆಲ್ಲ ಕಾಯ್ದೆಯಲ್ಲಿಲ್ಲ, ಫೆಡರಲ್ ನಿಯಮಾವಳಿಯ 46ನೇ ಶೀರ್ಷಿಕೆಯ 10, 11, 12ನೇ ಭಾಗಗಳಲ್ಲಿದೆ.

ಕೊನೆಯದಾಗಿ 77ನೇ ಅಧ್ಯಾಯ, ಅಮಾನತು ಮತ್ತು ರದ್ದತಿ. ಇಲ್ಲಿ ‘ಬಹುದು’ ಮತ್ತು ‘ಬೇಕು’ ಎಂಬ ಎರಡು ಪದಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗೆರೆ ಎಳೆದು ಓದಿ. ನಿರ್ಲಕ್ಷ್ಯ, ದುರ್ನಡತೆ, ಅಸಾಮರ್ಥ್ಯ ಸಾಬೀತಾದರೆ ಕ್ರೆಡೆನ್ಷಿಯಲ್ ಅಮಾನತು ಅಥವಾ ರದ್ದು ಮಾಡಬಹುದು. ಮಾದಕವಸ್ತು ಬಳಸುವವನದ್ದಾದರೆ, ಗುಣವಾಗಿದ್ದಾನೆಂದು ರುಜುವಾತಾಗದ ಹೊರತು, ರದ್ದು ಮಾಡಲೇಬೇಕು. 2021ರಲ್ಲಿ ತರಬೇತಿಯಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಹಡಗಿನಲ್ಲಿ ತನ್ನ ಮೇಲಾದ ಅತ್ಯಾಚಾರವನ್ನು ಹೆಸರು ಹೇಳದೆ ಬರೆದಳು. ಅದರ ಮರುವರ್ಷ ಡಿಸೆಂಬರಿನಲ್ಲಿ 7704ಎ ಕಲಂ ಸೇರಿತು. ಲೈಂಗಿಕ ಕಿರುಕುಳ ಅಧಿಕೃತವಾಗಿ ದೃಢಪಟ್ಟಲ್ಲಿ ‘ಬಹುದು’. ಲೈಂಗಿಕ ದೌರ್ಜನ್ಯ ದೃಢಪಟ್ಟಲ್ಲಿ ‘ಬೇಕು’.