ಮಾಂತ್ರಿಕನ ಕೋಲು ಮೊದಲು ಊರುಗೋಲಾಗಿರ್ಬೇಕು

ನಾಟಕಕ್ಕೆ, ಶಾರ್ಟ್ ಫಿಲಂಗೆ, ಕಾಮಿಕ್ಸ್ ಅಭಿಮಾನಿಗಳ ಮೇಳ ಬೆಂಗಳೂರು ಕಾಮಿಕ್ ಕಾನ್‌ಗೆ ವೇಷ ಹಾಕೋರಿಗೆ ಮರದ ಪ್ರಾಪ್, ಅಂದ್ರೆ ಪಾತ್ರದ ಕೈಲಿರೋ ಸಾಮಾನು, ಮಾಡ್ಕೊಡೋದು ನನ್ನ ಕೆಲ್ಸ. ಮಾಂತ್ರಿಕನ ಕೋಲು ಬೇಕು ಅಂತ ಬರೋರು ಸಾಮಾನ್ಯವಾಗಿ ಮೊದಲು ಮಾತಾಡೋದೇ ತುದೀಲಿರೋ ಕಲ್ಲಿನ ಬಗ್ಗೆ, ನೀಲಿ ಇರ್ಲಾ ಹಸಿರಿರ್ಲಾ, ಲೈಟ್ ಎಷ್ಟು ದೂರಕ್ಕೆ ಕಾಣುತ್ತೆ ಅಂತ. ನಾನು ಕೇಳೋದೇ ಬೇರೆ. ಕೋಲು ಹಿಡಿಯೋರ ಎತ್ತರ ಎಷ್ಟು, ಯಾವ ಕೈ, ಆ ಪಾತ್ರಕ್ಕೆ ವಯಸ್ಸೆಷ್ಟು, ಕಥೇಲಿ ಅವನು ಎಷ್ಟು ದೂರ ನಡೆದು ಬಂದಿದಾನೆ. ಯಾಕಂದ್ರೆ ನೋಡೋರಿಗೆ ಅದು ಮೊದಲು ನಡೆಯೋಕೆ ಬಳಸೋ ಕೋಲು ಅನ್ನಿಸ್ಬೇಕು, ಮಂತ್ರ ಆಮೇಲೆ.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಮಾಂತ್ರಿಕ ಗ್ಯಾಂಡಾಲ್ಫ್‌ದು. 1954ರಲ್ಲಿ ಬಂದ ಟೋಲ್ಕಿನ್ ಅವರ 'ದ ಟೂ ಟವರ್ಸ್' ಕಾದಂಬರೀಲಿ ರಾಜ ಥಿಯೋಡೆನ್ ಅರಮನೆ ಬಾಗಿಲಲ್ಲಿ ಕಾವಲುಗಾರ ಹಾಮಾ ಎಲ್ಲರ ಆಯುಧಾನೂ ಇಳಿಸ್ಕೋತಾನೆ, ಗ್ಯಾಂಡಾಲ್ಫ್ ಕೂಡ ಕತ್ತಿ ಕೊಟ್ಟುಬಿಡ್ತಾನೆ, ಆದ್ರೆ ಕೋಲು ಮಾತ್ರ ಬಿಡಲ್ಲ, ವಯಸ್ಸಾಗಿದೆ ಊರ್ಕೊಂಡು ನಡೀಬೇಕು ಅಂತಾನೆ. ಹಾಮಾಗೆ ಅನುಮಾನ ಇದ್ದೇ ಇರುತ್ತೆ, ಆದ್ರೂ ಒಳಗೆ ಬಿಡ್ತಾನೆ. ಒಳಗೆ ಹೋಗಿ ಅದೇ ಕೋಲು ಎತ್ತಿದ್ರೆ ಗುಡುಗು ಬರುತ್ತೆ, ಸಭೆಯೆಲ್ಲಾ ಕತ್ತಲಾಗುತ್ತೆ. ಈಗ ಆ ಕೋಲಿನ ತುದೀಲಿ ತೆಂಗಿನಕಾಯಿ ಗಾತ್ರದ ಹೊಳೆಯೋ ಕಲ್ಲು ಇತ್ತು ಅಂದ್ಕೊಳ್ಳಿ, ಯಾವ ಕಾವಲುಗಾರ ಬಿಡ್ತಿದ್ದ? ಆ ದೃಶ್ಯದ ಇಡೀ ಜೀವ ಇರೋದು ಕೋಲು ಸಾಧಾರಣವಾಗಿ ಕಾಣೋದ್ರಲ್ಲಿ.

ಮರಕ್ಕೆ ಬರೋಣ. ನಾನು ಜಾಸ್ತಿ ಬಳಸೋದು ಸಿಲ್ವರ್ ಓಕ್, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಬೆಳೆಸ್ತಾರಲ್ಲ ಅದೇ. ಹಗುರ, ಕೆಲಸಕ್ಕೆ ಸುಲಭ. ಆರಡಿ ಉದ್ದ, ಮೂವತ್ತೆರಡು ಎಂಎಂ ದಪ್ಪ ತಗೊಂಡ್ರೆ ಹೆಚ್ಚುಕಮ್ಮಿ 900 ಗ್ರಾಂ ತೂಗುತ್ತೆ, ಎರಡು ಗಂಟೆ ನಾಟಕದಲ್ಲಿ ಕೈ ಸೋಲಲ್ಲ. ತಲೆಭಾಗಕ್ಕೆ ಹಳೇ ಕಾಫಿ ಗಿಡದ ಬೇರು, ತೋಟದಲ್ಲಿ ಗಿಡ ಕಿತ್ತು ಹೊಸದು ಹಾಕುವಾಗ ಸಿಗುತ್ತೆ, ಅದರ ತಿರುವು ಗಂಟು ಎಲ್ಲಾ ಹಂಗೇ ಬಂದಿರುತ್ತೆ, ಉಳಿಯಿಂದ ಕೆತ್ತಿ ಅಂಥದ್ದು ತರಿಸೋದು ಬಹಳ ಕಷ್ಟ. ಮೂಲ ಗೊತ್ತಿಲ್ಲದ ಬೀಟೆ, ಶ್ರೀಗಂಧ ತಂದುಕೊಟ್ಟು ಮಾಡಿ ಅಂದ್ರೆ ನಾನು ಮುಟ್ಟಲ್ಲ.

ಕಾಡಲ್ಲಿ ಬಿದ್ದಿದ್ದ ಒಂದು ಇಡೀ ಕೊಂಬೆ ತಂದು ಕೋಲು ಮಾಡೋ ಆಸೆ ತುಂಬಾ ಜನಕ್ಕೆ ಇರುತ್ತೆ, ಚೆಂದದ ಆಸೇನೇ, ಆದ್ರೆ ತಾಳ್ಮೆ ಬೇಕು. ದುಂಡಗಿರೋ ಹಸಿ ಕೊಂಬೆ ಒಣಗುವಾಗ ಸುತ್ತಳತೆ ಕಡೆ ಕುಗ್ಗೋದು ತಿರುಳಿನ ದಿಕ್ಕಿಗೆ ಕುಗ್ಗೋದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು, ಹಂಗಾಗಿ ಎಲ್ಲೋ ಒಂದು ಕಡೆ ಸೀಳ್ಲೇಬೇಕು. ಎರಡೂ ತುದಿಗೆ ತಕ್ಷಣ ಮೇಣನೋ ಪೇಂಟೋ ಬಳಿದು, ತೊಗಟೆ ತೆಗೆದು, ನೆರಳಲ್ಲಿ ಮಲಗಿಸಿಡಿ, ದಪ್ಪ ಇಂಚಿಗೆ ಒಂದು ವರ್ಷ ಅಂತ ಲೆಕ್ಕ. ತೊಗಟೆ ಬಿಟ್ರೆ ಅದರಡಿ ಹುಳ ಸೇರ್ಕೊಳ್ಳುತ್ತೆ. ಸಣ್ಣ ಸೀಳು ಬಂದ್ರೆ ಮುಚ್ಚೋಕೆ ಹೋಗ್ಬೇಡಿ, ಹಳೇ ಕೋಲಿಗೆ ಅದು ಲಕ್ಷಣ.

ತುಂಬಾ ಹೊತ್ತು ಕೂರೋದು ಹಿಡಿಕೆ ಮೇಲೆ. ಮಾಂತ್ರಿಕ ನಲವತ್ತು ವರ್ಷ ಒಂದೇ ಜಾಗದಲ್ಲಿ ಹಿಡಿದಿದಾನೆ ಅಂದ್ರೆ ಆ ಒಂದು ಗೇಣು ಜಾಗ ನುಣುಪಾಗಿ, ಸ್ವಲ್ಪ ಸವೆದು, ಬಣ್ಣ ಕಪ್ಪಿಟ್ಟಿರ್ಬೇಕು. ಹಂಗಾಗಿ ಕೋಲೆಲ್ಲಾ 120 ನಂಬರ್ ಸ್ಯಾಂಡ್ ಪೇಪರ್‌ಗೆ ನಿಲ್ಲಿಸಿ, ಹಿಡಿಕೆ ಮಾತ್ರ ಇನ್ನೂ ನುಣುಪಾದ 400ರ ತನಕ ತಗೊಂಡು ಹೋಗ್ತೀನಿ, ಹೆಬ್ಬೆರಳು ಕೂರೋ ಕಡೆ ನಟನ ಕೈಗೇ ಕೊಟ್ಟು ಗುರುತು ಹಾಕಿ ಒಂಚೂರು ತಗ್ಗು ಮಾಡ್ತೀನಿ. ಬಣ್ಣಕ್ಕೆ ಮೊದಲು ಗಟ್ಟಿ ಟೀ ಡಿಕಾಕ್ಷನ್, ಒಣಗಿದ್ಮೇಲೆ ಕಬ್ಬಿಣದ ಉಣ್ಣೆ (ಸ್ಟೀಲ್ ವುಲ್) ನೆನೆಸಿಟ್ಟ ವಿನೆಗರ್. ಟೀಲಿರೋ ಒಗರಿನ ಅಂಶ ಟ್ಯಾನಿನ್ ಜೊತೆ ಕಬ್ಬಿಣ ಸೇರಿ ಕಣ್ಣೆದುರೇ ಬೂದು ಕಪ್ಪಾಗುತ್ತೆ. ಮೇಲೆ ಅಗಸೆ ಎಣ್ಣೆ, ಪಿಯು (ಪಾಲಿಯುರೆಥೇನ್) ಪಾಲಿಶ್ ಬೇಡ, ಸ್ಟೇಜ್ ಲೈಟಿಗೆ ಪ್ಲಾಸ್ಟಿಕ್ ಥರ ಮಿಂಚುತ್ತೆ. ಇನ್ನೊಂದು, ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೇಲಿ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹೊತ್ಕೊಳ್ಳುತ್ತೆ, ಬಿಡಿಸಿ ಹೊರಗೆ ಹರವಿ ಒಣಗಿಸಿ.

ಕೆಳತುದಿಗೆ ಹಿತ್ತಾಳೆ ಅಣಸು, ಅಂದ್ರೆ ತುದಿಗೆ ತೊಡಿಸೋ ಕೊಳವೆ, ಹಾಕ್ಲೇಬೇಕು, ಇಲ್ಲಾಂದ್ರೆ ನಾಲ್ಕು ಶೋಗೆ ಮರ ಬಿರಿಯುತ್ತೆ. ಹಲಗೆ ಸ್ಟೇಜ್ ಆದ್ರೆ ಅದರಡಿ ದಪ್ಪ ಚರ್ಮದ ಬಿಲ್ಲೆ ಅಂಟಿಸ್ತೀನಿ, ರಬ್ಬರ್ ಹಾಕಿದ್ರೆ ಜಾರಲ್ಲ ನಿಜ ಆದ್ರೆ ಕೋಲು ಕುಟ್ಟಿದಾಗ ಸದ್ದೇ ಬರಲ್ಲ.

ಲೈಟ್ ಬೇಕೇಬೇಕು ಅನ್ನೋರಿಗೆ ಮಾಡ್ಕೊಡ್ತೀನಿ. ಮೋರಿಯಾ ಅನ್ನೋ ನೆಲದಡಿ ಗಣಿಯ ಕತ್ತಲಲ್ಲಿ ಗ್ಯಾಂಡಾಲ್ಫ್ ಕೋಲಿನ ತುದಿ ಕೊಟ್ಟಿದ್ದೂ ಮಂದ ಬೆಳಕೇ, ಅದಕ್ಕೆ ನಾನು ಬಿಳಿ ಎಲ್ಇಡಿ ಹಾಕಲ್ಲ, ಬೆಚ್ಚಗಿನ ಹಳದಿ, ಬೇರಿನ ಮಧ್ಯೆ ಬಲ್ಬ್ ಕಾಣದ ಹಾಗೆ. ಕೋಲನ್ನ ಉದ್ದಕ್ಕೆ ಸೀಳಿ ಒಳಗೆ ಕಾಲುವೆ ತೆಗೆದು ವೈರ್ ಕೂರಿಸಿ ಮತ್ತೆ ಅಂಟಿಸ್ಬೇಕು. ಬ್ಯಾಟರಿ ಯಾವಾಗ್ಲೂ ಕೆಳಗಡೆ, ಆಗ ಮೇಲಿನ ಬೇರಿನ ಭಾರಕ್ಕೆ ಸಮ ಆಗುತ್ತೆ.

ನನಗೆ ತುಂಬಾ ಇಷ್ಟದ ಕೆಲ್ಸ ಮುರಿಯೋ ಕೋಲು. 'ದ ಟೂ ಟವರ್ಸ್'ನಲ್ಲೇ ಇನ್ನೊಬ್ಬ ಮಾಂತ್ರಿಕ ಸಾರುಮಾನ್‌ನ ಕೋಲು ಗ್ಯಾಂಡಾಲ್ಫ್ ಮಾತಿಗೇ ಅವನ ಕೈಲೇ ಸೀಳಿಹೋಗುತ್ತೆ, ತಲೆ ಗ್ಯಾಂಡಾಲ್ಫ್ ಕಾಲ ಬಳಿ ಬೀಳುತ್ತೆ, ಪದವಿ ಹೋಯ್ತು ಅಂತ ಬೇರೆ ವಿವರಣೇನೇ ಬೇಡ. ಇಂಥ ಸೀನ್ ಇರೋ ನಾಟಕಕ್ಕೆ ಗರಗಸ ಮುಟ್ಟಿಸ್ಬಾರ್ದು. ಕೋಲನ್ನ ನಿಜವಾಗ್ಲೂ ಮುರೀಬೇಕು, ಆಗ ಎಳೆಗಳು ಮೊನಚಾಗಿ ಕಿತ್ತು ಬರುತ್ತೆ, ಎರಡೂ ಭಾಗದ ಮಧ್ಯೆ ತೂತು ಕೊರೆದು ನಿಯೋಡಿಮಿಯಂ ಮ್ಯಾಗ್ನೆಟ್ (ಚಿಕ್ಕದಾದ್ರೂ ಬಲವಾದ ಅಯಸ್ಕಾಂತ) ಕೂರಿಸಿ ಮತ್ತೆ ಜೋಡಿಸಿದ್ರೆ ಎಳೆಗೆ ಎಳೆ ಕೂತ್ಕೊಳ್ಳುತ್ತೆ, ಎರಡನೇ ಸಾಲಲ್ಲಿ ಕೂತವರಿಗೂ ಕಾಣಲ್ಲ. ಮ್ಯಾಗ್ನೆಟ್ ನೇರ ಎಳೆದ್ರೆ ಗಟ್ಟಿ, ಪಕ್ಕಕ್ಕೆ ಜಾರೋಕೆ ಸಲೀಸು, ಆ ಜಾರೋದನ್ನ ತಡೆಯೋದೇ ಮುರಿದ ಎಳೆಗಳು. ಹಂಗಾಗಿ ನಟನಿಗೆ ಎಳೀಬೇಡಿ, ಮಣಿಕಟ್ಟಿಂದ ಸ್ವಲ್ಪ ಬಾಗಿಸಿ ಅಂತ ಹೇಳ್ಕೊಡಿ, ಶೋಗೆ ಮುಂಚೆ ಎರಡು ಸಲ ಮಾಡಿಸಿ ನೋಡಿ, ಆ ಸೀನ್ ಬರೋ ತನಕ ಕೋಲಿನ ಮೇಲೆ ಪೂರ್ತಿ ಭಾರ ಹಾಕದೆ ನಡೆಯೋದನ್ನೂ ಅಭ್ಯಾಸ ಮಾಡಿಸಿ.