ಸ್ಕುಟಾರಿಯ ಚರಂಡಿ ಮತ್ತು ನೈಟಿಂಗೇಲ್ ಲೆಕ್ಕ

1855ರ ಜನವರಿ ಒಂದೇ ತಿಂಗಳಲ್ಲಿ, ಕ್ರಿಮಿಯಾ ಯುದ್ಧಕ್ಕೆ ಹೋಗಿದ್ದ ಬ್ರಿಟಿಷ್ ಸೇನೆಯಲ್ಲಿ ಗಾಯದಿಂದ ಸತ್ತವರು 83 ಮಂದಿ. ಕಾಲರಾ, ಭೇದಿ, ಜ್ವರದಂಥ ತಡೆಯಬಹುದಾದ ರೋಗಗಳಿಗೆ ಬಲಿಯಾದವರು 2,761!

ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ಇಂದಿನ ಇಸ್ತಾಂಬುಲ್‌ನ ಭಾಗವಾದ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದು ಆಗ ಎರಡು ತಿಂಗಳಾಗಿತ್ತಷ್ಟೆ. ಅಡುಗೆಮನೆ ಸುಧಾರಿಸಿತ್ತು, ಒಗೆದ ಬಟ್ಟೆ ಸಿಗುತ್ತಿತ್ತು. ಆದರೂ ಸಾವು ಏರುತ್ತಲೇ ಹೋಯಿತು. ಕಾರಣ ಕಟ್ಟಡದ ಅಡಿಯಲ್ಲಿತ್ತು: ಕಟ್ಟಿಕೊಂಡ ಚರಂಡಿ, ಕೆಟ್ಟ ನೀರು, ಗಾಳಿಯಾಡದ ವಾರ್ಡುಗಳಲ್ಲಿ ಒತ್ತೊತ್ತಾಗಿ ಮಲಗಿದ ರೋಗಿಗಳು. ಮಾರ್ಚ್‌ನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗ ಚರಂಡಿ ತೊಳೆಸಿತು, ಕೊಳೆ ಸಾಗಿಸಿತು, ಗೋಡೆಗಳಿಗೆ ಸುಣ್ಣ ಹೊಡೆಸಿತು. ಫೆಬ್ರವರಿಯಲ್ಲಿ ನೂರು ರೋಗಿಗಳಿಗೆ ಸುಮಾರು 42ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಚಳಿಗಾಲ ಕಳೆದದ್ದೂ ನೆರವಾಗಿರಬೇಕು. ಆದರೆ ಇಷ್ಟು ದೊಡ್ಡ ಇಳಿಕೆಗೆ ಹವೆಯೊಂದೇ ಸಾಲದು.

ಇದರ ಪೂರ್ತಿ ಅರ್ಥ ಆಕೆಗೆ ಹೊಳೆದದ್ದು 1856ರಲ್ಲಿ ಮರಳಿದ ಮೇಲೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಾಗ. ಮೊದಲ ತೊಡಕು ದಾಖಲೆಗಳದ್ದೇ: ಒಂದು ಕಡೆಯ ಸಾವಿನ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ.

ಸೇನೆಯ ಸಾವನ್ನು ತಿಂಗಳುವಾರು ತೋರಿಸುವ, 1858ರಲ್ಲಿ ಅಚ್ಚಾದ ಆಕೆಯ ಪ್ರಸಿದ್ಧ ಚಿತ್ರ ಹುಟ್ಟಿದ್ದು ಈ ದುಡಿಮೆಯಿಂದ. ವೃತ್ತವನ್ನು ತಿಂಗಳಿಗೊಂದರಂತೆ 12 ಹೋಳು ಮಾಡಿ, ಪ್ರತಿ ಹೋಳಿಗೂ 30 ಡಿಗ್ರಿ ಕೊಡಬೇಕು. ತಡೆಯಬಹುದಾದ ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ಮೂರನ್ನೂ ಕೇಂದ್ರದಿಂದಲೇ ಅಳೆಯಬೇಕು. ಎಡವುವುದು ಇಲ್ಲಿ: ಸಾವನ್ನು ತೋರಿಸುವುದು ಹೋಳಿನ ವಿಸ್ತೀರ್ಣ, ಉದ್ದವಲ್ಲ. ಹಾಗಾಗಿ ಸಾವು ನಾಲ್ಕು ಪಟ್ಟಾದರೆ ತ್ರಿಜ್ಯ ಎರಡು ಪಟ್ಟಾದರೆ ಸಾಕು. ತ್ರಿಜ್ಯವನ್ನೂ ನಾಲ್ಕು ಪಟ್ಟು ಮಾಡಿದರೆ ಹೋಳು 16 ಪಟ್ಟು ಹಿಗ್ಗಿ, ಚಿತ್ರ ಸುಳ್ಳು ಹೇಳುತ್ತದೆ. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸೊಸೈಟಿ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ದಾದಿಯರ ಶಾಲೆ ಶುರುವಾಯಿತು. ಆಕೆಯ ಹೆಸರು ಉಳಿದಿರುವುದು ಹೆಚ್ಚಾಗಿ ಅದರಿಂದಲೇ. ಆದರೆ ಅದೇ ವರ್ಷ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂದ ಆಕೆಯ ಇನ್ನೊಂದು ಯೋಜನೆಗೂ ಅಷ್ಟೇ ತೂಕವಿದೆ: ಎಲ್ಲ ಆಸ್ಪತ್ರೆಗಳಿಗೂ ಒಂದೇ ನಮೂನೆ. ವರ್ಷದ ಮೊದಲ ದಿನ ಎಷ್ಟು ರೋಗಿಗಳಿದ್ದರು, ಎಷ್ಟು ಮಂದಿ ಸೇರಿದರು, ಗುಣವಾದರು, ಗುಣವಾಗದೆ ಹೊರಟರು, ಸತ್ತರು, ಕೊನೆಯ ದಿನ ಎಷ್ಟು ಮಂದಿ ಉಳಿದರು, ಸರಾಸರಿ ಎಷ್ಟು ದಿನ ಇದ್ದರು. ಲಂಡನ್ನಿನ ಕೆಲವು ಆಸ್ಪತ್ರೆಗಳು ಇದನ್ನು ತುಂಬತೊಡಗಿದವು, ಹೆಚ್ಚು ಕಾಲ ನಡೆಸಲಿಲ್ಲ.